ವೈಟ್‌ಫೀಲ್ಡ್ (ಕಾಡುಗೋಡಿ) ಮೆಟ್ರೋ ಸ್ಟೇಷನ್: ಮಾಲೂರು ಕಡೆಯಿಂದ ಬರುವವರ ಲೆಕ್ಕ

ವೈಟ್‌ಫೀಲ್ಡ್ (ಕಾಡುಗೋಡಿ) ಮೆಟ್ರೋ ಸ್ಟೇಷನ್ ಬಗ್ಗೆ ಬರೆಯುವವರು ಹೆಚ್ಚಾಗಿ ಊರೊಳಗಿನಿಂದ ಬರುವವರು. ಮೆಜೆಸ್ಟಿಕ್ಕಿನಲ್ಲೋ ಇಂದಿರಾನಗರದಲ್ಲೋ ಹತ್ತಿ ಇಲ್ಲಿ ಇಳಿಯುತ್ತಾರೆ. ಅವರಿಗೆ ಇದು ನೇರಳೆ ಮಾರ್ಗದ ಕಟ್ಟಕಡೆಯ ನಿಲ್ದಾಣ. ನಾನು ಬರುವುದು ಇನ್ನೊಂದು ಕಡೆಯಿಂದ, ಊರಾಚೆಯಿಂದ. ಮಾಲೂರಿನಲ್ಲಿ ಮೆಮು (ಹತ್ತಿರದ ಊರುಗಳ ನಡುವೆ ಓಡುವ ವಿದ್ಯುತ್ ರೈಲು) ಹತ್ತಿ, ವೈಟ್‌ಫೀಲ್ಡ್ ರೈಲ್ವೆ ಸ್ಟೇಷನ್ನಿನಲ್ಲಿ ಇಳಿದು, ಪಕ್ಕದಲ್ಲೇ ಇರುವ ಮೆಟ್ರೋಗೆ ಹೋಗಿ, ಐಟಿಪಿಎಲ್ ಅನ್ನುವ ಟೆಕ್ ಪಾರ್ಕ್ ಹತ್ತಿರದ ಕೆಲಸಕ್ಕೆ ತಲುಪುವವಳು ನಾನು. ನಮ್ಮಂಥವರಿಗೆ ಬೆಂಗಳೂರು ಶುರುವಾಗುವುದೇ ಈ ಸ್ಟೇಷನ್ನಿನಲ್ಲಿ. ಮಾಲೂರು, ಟೇಕಲ್, ಬಂಗಾರಪೇಟೆ, ಕೆಜಿಎಫ್ ಕಡೆಯವರು ಎಷ್ಟು ಜನ ಇದನ್ನು ನಂಬಿಕೊಂಡಿದ್ದಾರೆ ಅನ್ನುವುದು ಬೆಳಗಿನ ಹೊತ್ತು ರೈಲು ನಿಂತಾಗ ಪ್ಲಾಟ್‌ಫಾರ್ಮ್ ನೋಡಿದರೆ ಗೊತ್ತಾಗುತ್ತದೆ. ನಮ್ಮ ಕಡೆಯಿಂದ ಒಂದು ವಿಮರ್ಶೆ ಇರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಜಾಗ ಆರಿಸಿದ್ದಕ್ಕೆ ಪೂರ್ತಿ ಅಂಕ. ಒಳಗಿನ ಓಡಾಟ, ಸ್ವಚ್ಛತೆ, ಟಿಕೆಟ್ ತೆಗೆದುಕೊಳ್ಳುವ ಸುಲಭ, ಇದಕ್ಕೆಲ್ಲ ಒಳ್ಳೆಯ ಅಂಕ. ಆದರೆ ರೈಲಿನಿಂದ ಇಳಿದು ಮೆಟ್ರೋ ಹತ್ತುವವರನ್ನು ನೆನಪಿಟ್ಟುಕೊಂಡು ಮಾಡಬೇಕಾದ ಕೆಲಸ ಇನ್ನೂ ಬಹಳ ಉಳಿದಿದೆ. ಒಟ್ಟು 5ಕ್ಕೆ ಮೂರೂವರೆ.

ಜಾಗದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಈ ಸ್ಟೇಷನ್ನಿನ ದೊಡ್ಡ ಗುಣ ಅದೇ. ಮದರಾಸು ಕಡೆಯ ರೈಲು ಹಳಿ ಬೆಂಗಳೂರು ದಂಡು ಪ್ರದೇಶಕ್ಕೆ ಬಂದದ್ದು 1864ರಲ್ಲಿ. ಜೋಲಾರಪೇಟೆ, ಬಂಗಾರಪೇಟೆ, ಮಾಲೂರು, ವೈಟ್‌ಫೀಲ್ಡ್, ಕಂಟೋನ್ಮೆಂಟ್, ಇದೇ ದಾರಿ. ಅಂದರೆ ಈ ಭಾಗದ ಜನ ತಲೆಮಾರುಗಳಿಂದ ರೈಲಿನಲ್ಲಿ ಓಡಾಡಿದವರು. ಕೆಜಿಎಫ್ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಆಮೇಲೆ ಅಲ್ಲಿನ ಎಷ್ಟೋ ಮನೆಗಳಿಗೆ ಬೆಂಗಳೂರಿನ ಕೆಲಸವೇ ಗತಿ. ಊರು ಬಿಟ್ಟು ಬಂದು ಬಾಡಿಗೆ ಕಟ್ಟುವ ಶಕ್ತಿ ಎಲ್ಲರಿಗೂ ಇಲ್ಲ. ಬೆಳಗಿನ ಜಾವ ಮಾರಿಕುಪ್ಪಂನಲ್ಲೋ ಬಂಗಾರಪೇಟೆಯಲ್ಲೋ ರೈಲು ಹತ್ತುತ್ತಾರೆ, ಕತ್ತಲಾದ ಮೇಲೆ ಮನೆ ಸೇರುತ್ತಾರೆ. ಸೆಕ್ಯೂರಿಟಿ ಕೆಲಸ, ಹೌಸ್‌ಕೀಪಿಂಗ್, ಆಸ್ಪತ್ರೆ ಕೆಲಸ, ಅಂಗಡಿ ಕೆಲಸ, ಜೊತೆಗೆ ಈಚೆಗೆ ಲ್ಯಾಪ್‌ಟಾಪ್ ಬ್ಯಾಗಿನವರೂ ಇದ್ದಾರೆ.

ಇಷ್ಟು ಜನರಿಗೆ ವೈಟ್‌ಫೀಲ್ಡಿನಲ್ಲಿ ಇಳಿದ ಮೇಲೆ ಮುಂದಿನ ನಾಲ್ಕೈದು ಕಿಲೋಮೀಟರೇ ದೊಡ್ಡ ತಲೆನೋವಾಗಿತ್ತು. ಮಾಲೂರಿನಿಂದ ಅರ್ಧ ಗಂಟೆಯೊಳಗೆ ಬಂದುಬಿಡುತ್ತಿದ್ದೆವು. ಅಲ್ಲಿಂದ ಶೇರ್ ಆಟೋ ಹಿಡಿದು ಹೋಪ್‌ಫಾರ್ಮ್, ಅಲ್ಲಿ ಬಸ್ಸಿಗೆ ಕಾದು ಐಟಿಪಿಎಲ್ ಮುಟ್ಟುವಷ್ಟರಲ್ಲಿ ರೈಲಿನಲ್ಲಿ ಕಳೆದ ಹೊತ್ತಿಗಿಂತ ಜಾಸ್ತಿ ಹೊತ್ತು ಆಗಿರುತ್ತಿತ್ತು. ಈಗ ಅದೇ ದೂರ ಮೆಟ್ರೋದಲ್ಲಿ ಮೂರು ಸ್ಟೇಷನ್. ಹೋಪ್‌ಫಾರ್ಮ್ ಚನ್ನಸಂದ್ರ, ಕಾಡುಗೋಡಿ ಟ್ರೀ ಪಾರ್ಕ್, ಪಟ್ಟಂದೂರು ಅಗ್ರಹಾರ. ಸಿಗ್ನಲ್ ಇಲ್ಲ, ಹೊಗೆ ಇಲ್ಲ, ಮಳೆ ಬಂದರೂ ಚಿಂತೆಯಿಲ್ಲ.

ಮೆಟ್ರೋ ಸ್ಟೇಷನ್ನನ್ನು ರೈಲ್ವೆ ಸ್ಟೇಷನ್ ಪಕ್ಕಕ್ಕೇ ತಂದು ನಿಲ್ಲಿಸುವುದು ಸಹಜ ತಾನೇ ಅಂತ ನಿಮಗೆ ಅನ್ನಿಸಬಹುದು. ನಮ್ಮ ಮೆಟ್ರೋದಲ್ಲಿ ಎಲ್ಲ ಕಡೆ ಹಾಗಾಗಿಲ್ಲ. ಅದೇ ನೇರಳೆ ಮಾರ್ಗದ ಇನ್ನೊಂದು ತುದಿಯ ಕಡೆ ಕೆಂಗೇರಿ ನೋಡಿ. ಅಲ್ಲಿ ಮೆಟ್ರೋ ನಿಲ್ಲುವುದು ಬಸ್ ಟರ್ಮಿನಲ್ ಹತ್ತಿರ, ಹೆಸರೂ ಕೆಂಗೇರಿ ಬಸ್ ಟರ್ಮಿನಲ್ ಅಂತಲೇ. ಬಸ್ಸಿನವರಿಗೆ ಅದು ಬಹಳ ಅನುಕೂಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ರಾಮನಗರ, ಚನ್ನಪಟ್ಟಣ, ಮಂಡ್ಯ ಕಡೆಯಿಂದ ರೈಲಿನಲ್ಲಿ ಬಂದು ಕೆಂಗೇರಿ ರೈಲ್ವೆ ಸ್ಟೇಷನ್ನಿನಲ್ಲಿ ಇಳಿದವರು ಮೆಟ್ರೋ ಹಿಡಿಯಲು ಬೇರೆ ದಾರಿ ಹುಡುಕಬೇಕು. ಹೋಲಿಸಿ ನೋಡಿದಾಗ ವೈಟ್‌ಫೀಲ್ಡ್ ನಕ್ಷೆ ಹಾಕಿದವರು ಎಷ್ಟು ಸರಿಯಾಗಿ ಯೋಚಿಸಿದ್ದಾರೆ ಅನ್ನುವುದು ಕಾಣುತ್ತದೆ. ಮೇಲ್ಸೇತುವೆ ದಾಟಿದರೆ ಮೆಟ್ರೋ. ಆಟೋ ಬೇಡ, ಬಸ್ಸು ಬೇಡ. ಹತ್ತಿರದಲ್ಲೇ ಬಿಎಂಟಿಸಿಯ ಕಾಡುಗೋಡಿ ಬಸ್ ನಿಲ್ದಾಣವೂ ಇದೆ. ರೈಲು, ಮೆಟ್ರೋ, ಬಸ್ಸು ಮೂರೂ ನಡೆದು ಹೋಗುವಷ್ಟು ಹತ್ತಿರ ಸಿಗುವ ಜಾಗ ಬೆಂಗಳೂರಿನ ಅಂಚಿನಲ್ಲಿ ಬಹಳ ಕಡಿಮೆ.

ಸ್ವಲ್ಪ ಇತಿಹಾಸ, ಬೇಗ ಮುಗಿಸುತ್ತೇನೆ. ಕೆ.ಆರ್.ಪುರ–ವೈಟ್‌ಫೀಲ್ಡ್ ನಡುವಿನ 13.71 ಕಿಲೋಮೀಟರ್ ಮಾರ್ಗವನ್ನು ಪ್ರಧಾನಿ ನರೇಂದ್ರ ಮೋದಿ 2023ರ ಮಾರ್ಚ್ 25ರಂದು ಉದ್ಘಾಟಿಸಿದರು. 12 ಸ್ಟೇಷನ್, ಸುಮಾರು 4,250 ಕೋಟಿ ರೂಪಾಯಿ ಖರ್ಚು. ಆಗ ಕೆ.ಆರ್.ಪುರದಿಂದ ಬೈಯಪ್ಪನಹಳ್ಳಿಯ ಮಧ್ಯೆ ಎರಡು ಕಿಲೋಮೀಟರಿನಷ್ಟು ಕೊಂಡಿ ಬಾಕಿ ಉಳಿದಿತ್ತು. ಬೆನ್ನಿಗಾನಹಳ್ಳಿ ಹತ್ತಿರ ರೈಲ್ವೆ ಹಳಿಗಳ ಮೇಲೆ ಉಕ್ಕಿನ ಗರ್ಡರ್ ಕೂರಿಸುವ ಕೆಲಸ ಮುಗಿದಿರಲಿಲ್ಲ. ಆರು ತಿಂಗಳು ಜನ ಕೆ.ಆರ್.ಪುರದಲ್ಲಿ ಇಳಿದು, ಫೀಡರ್ ಬಸ್ ಹತ್ತಿ, ಬೈಯಪ್ಪನಹಳ್ಳಿಯಲ್ಲಿ ಮತ್ತೆ ಮೆಟ್ರೋ ಹತ್ತುತ್ತಿದ್ದರು. ಆ ಕೊಂಡಿಯೂ, ಆ ಕಡೆ ಕೆಂಗೇರಿ–ಚಲ್ಲಘಟ್ಟದ ತುಂಡೂ 2023ರ ಅಕ್ಟೋಬರ್ 9ರಂದು ಒಟ್ಟಿಗೆ ತೆರೆದವು. ಈಗ ವೈಟ್‌ಫೀಲ್ಡಿನಿಂದ ಚಲ್ಲಘಟ್ಟಕ್ಕೆ ಒಂದೇ ರೈಲು, 43.49 ಕಿಲೋಮೀಟರ್, 37 ಸ್ಟೇಷನ್.

ಇನ್ನು ಒಳಗಿನ ವಿಷಯ. ಕಂಬಗಳ ಮೇಲೆ ಎತ್ತರಕ್ಕೆ ಕಟ್ಟಿದ ಸ್ಟೇಷನ್. ಗಾಳಿ ಬೆಳಕು ಚೆನ್ನಾಗಿದೆ. ನೆಲ, ಗೋಡೆ ನೀಟಾಗಿರುತ್ತವೆ. ಕನ್ನಡದ ಬೋರ್ಡುಗಳು ದೊಡ್ಡದಾಗಿ, ಓದುವ ಹಾಗೆ ಇವೆ. ಘೋಷಣೆಯೂ ಮೊದಲು ಕನ್ನಡದಲ್ಲೇ ಬರುತ್ತದೆ. ಓದು ಬರಹ ಅಷ್ಟಾಗಿ ಇಲ್ಲದ ವಯಸ್ಸಾದವರಿಗೆ ಆ ಘೋಷಣೆ ಎಷ್ಟು ಧೈರ್ಯ ಕೊಡುತ್ತದೆ ಅನ್ನುವುದನ್ನು ನಾನು ಪಕ್ಕದಲ್ಲಿ ಕೂತು ಎಷ್ಟೋ ಸಲ ನೋಡಿದ್ದೇನೆ. ಕಣ್ಣು ಕಾಣದವರಿಗೆ ನೆಲದ ಮೇಲೆ ಉಬ್ಬು ಗೆರೆಯ ಹಾದಿ ಇದೆ. ಮೊದಲ ಬೋಗಿ ಹೆಂಗಸರಿಗೆ. ಕೊನೆಯ ಸ್ಟೇಷನ್ ಆಗಿರುವುದರಿಂದ ಇಲ್ಲಿ ಹತ್ತುವವರಿಗೆ ಸೀಟು ಸಿಗುವ ಸಂಭವ ಜಾಸ್ತಿ. ಅಷ್ಟು ದೂರ ರೈಲಿನಲ್ಲಿ ನಿಂತು ಬಂದವರಿಗೆ ಇದು ಸಣ್ಣ ವಿಷಯ ಅಲ್ಲವೇ ಅಲ್ಲ.

ಆದರೆ ಒಂದು ಮುಖ್ಯ ವಿಷಯ ಯೋಜನೆ ಮಾಡುವವರು ಗಮನಿಸಬೇಕು. ಸಾಧಾರಣ ಮೆಟ್ರೋ ಸ್ಟೇಷನ್ನಿಗೆ ಜನ ಒಬ್ಬೊಬ್ಬರಾಗಿ ಬರುತ್ತಿರುತ್ತಾರೆ. ಇಲ್ಲಿ ಹಾಗಲ್ಲ. ಒಂದು ಮೆಮು ಬಂದು ನಿಂತರೆ ನೂರಾರು ಜನ ಒಂದೇ ಸಲ ಇಳಿಯುತ್ತಾರೆ, ಎಲ್ಲರಿಗೂ ಅವಸರ, ಎಲ್ಲರೂ ಒಂದೇ ಕಡೆ ನುಗ್ಗುತ್ತಾರೆ. ಹತ್ತು ನಿಮಿಷ ಬಿಟ್ಟರೆ ಅದೇ ಜಾಗ ಖಾಲಿ. ಬ್ಯಾಗ್ ತಪಾಸಣೆ ಯಂತ್ರ, ಹೆಂಗಸರ ತಪಾಸಣೆಗೆ ನಿಲ್ಲುವ ಸಿಬ್ಬಂದಿ, ಟಿಕೆಟ್ ಕೌಂಟರ್, ಇವೆಲ್ಲ ಆ ಹತ್ತು ನಿಮಿಷಕ್ಕೆ ಸಾಕಾಗಬೇಕು. ದಿನದ ಒಟ್ಟು ಪ್ರಯಾಣಿಕರ ಸಂಖ್ಯೆಯನ್ನು ಗಂಟೆಗಳಿಗೆ ಹಂಚಿ ಸಿಬ್ಬಂದಿ ಹಾಕಿದರೆ ಈ ನೂಕುನುಗ್ಗಲು ಲೆಕ್ಕಕ್ಕೇ ಸಿಗುವುದಿಲ್ಲ. ರೈಲ್ವೆಯ ವೇಳಾಪಟ್ಟಿ ಕೈಯಲ್ಲಿ ಇಟ್ಟುಕೊಂಡು, ಯಾವ ರೈಲು ಎಷ್ಟು ಹೊತ್ತಿಗೆ ಅಂತ ನೋಡಿ, ಆ ಹೊತ್ತಿಗೆ ಎರಡನೇ ಸಾಲು ತೆರೆಯಬೇಕು. ಇದಕ್ಕೆ ಕಟ್ಟಡ ಒಡೆಯುವುದು ಬೇಡ, ಹೊಸ ಟೆಂಡರೂ ಬೇಡ.

ಸಾಮಾನಿನ ವಿಷಯವೂ ಇದಕ್ಕೆ ಸೇರಿದ್ದೇ. ನಮ್ಮ ಕಡೆಯಿಂದ ಬರುವವರ ಕೈಯಲ್ಲಿ ಬರೀ ಲ್ಯಾಪ್‌ಟಾಪ್ ಇರುವುದಿಲ್ಲ. ಕೋಲಾರ ಜಿಲ್ಲೆ ಅಂದರೆ ಟೊಮೇಟೊ, ಮಾವು, ರೇಷ್ಮೆ, ಹಾಲು. ಮಗಳ ಮನೆಗೆ ಹೊರಟ ತಾಯಿಯ ಕೈಯಲ್ಲಿ ಒಂದು ಚೀಲ ಅವರೆಕಾಯಿ ಇದ್ದೇ ಇರುತ್ತದೆ. ಮೆಟ್ರೋದಲ್ಲಿ ಸಾಮಾನಿಗೆ ಮಿತಿ ಇದೆ, ಇರಲಿ, ಎಲ್ಲರೂ ಮೂಟೆ ತಂದರೆ ನಿಲ್ಲಲು ಜಾಗ ಇರುವುದಿಲ್ಲ. ಆದರೆ ಆ ನಿಯಮವನ್ನು ಹೇಳುವ ರೀತಿಯಲ್ಲಿ ಮರ್ಯಾದೆ ಇರಬೇಕು. 2024ರ ಫೆಬ್ರವರಿಯಲ್ಲಿ ರಾಜಾಜಿನಗರ ಸ್ಟೇಷನ್ನಿನಲ್ಲಿ ಬಟ್ಟೆ ಕೊಳೆಯಾಗಿದೆ ಅಂತ ತಲೆ ಮೇಲೆ ಗಂಟು ಹೊತ್ತ ರೈತರೊಬ್ಬರನ್ನು ಒಳಗೆ ಬಿಡದ ಘಟನೆ ನಿಮಗೆ ನೆನಪಿರಬಹುದು. ಜೊತೆಯಲ್ಲಿದ್ದ ಪ್ರಯಾಣಿಕರು ಗಟ್ಟಿಯಾಗಿ ಪ್ರಶ್ನೆ ಮಾಡಿದರು. ವಿಡಿಯೋ ಎಲ್ಲ ಕಡೆ ಹರಡಿತು. ಆಮೇಲೆ ಮೆಟ್ರೋ ನಿಗಮ ಆ ಸಿಬ್ಬಂದಿಯನ್ನು ಕೆಲಸದಿಂದ ತೆಗೆದು ವಿಷಾದ ಹೇಳಿತು. ಹಳ್ಳಿಯ ರೈಲಿನ ಪಕ್ಕದಲ್ಲೇ ಇರುವ ಈ ಸ್ಟೇಷನ್ನಿನಲ್ಲಿ ಅಂಥ ದಿನ ಒಂದೂ ಬರಬಾರದು. ಗೇಟಿನ ಹೊರಗೇ, ರೈಲ್ವೆ ಕಡೆಯ ದಾರಿಯಲ್ಲಿ, ಎಷ್ಟು ತೂಕ, ಎಷ್ಟು ದೊಡ್ಡ ಚೀಲ ಅನ್ನುವುದನ್ನು ಚಿತ್ರ ಸಮೇತ ಕನ್ನಡದಲ್ಲಿ ಹಾಕಿದರೆ ತಪಾಸಣೆಯ ಹತ್ತಿರ ವಾದವೇ ಹುಟ್ಟುವುದಿಲ್ಲ.

ಬೋರ್ಡಿನ ಮಾತು ಬಂತು, ಇಲ್ಲಿ ಇನ್ನೊಂದು ಗೊಂದಲ ಹೇಳಬೇಕು. ಈ ಸ್ಟೇಷನ್ ಹತ್ತಿರ ಕಾಡುಗೋಡಿಯಲ್ಲಿ ಸತ್ಯ ಸಾಯಿಬಾಬಾ ಅವರ ಬೃಂದಾವನ ಆಶ್ರಮ ಇದೆ. ಸಾಯಿಬಾಬಾ ಆಸ್ಪತ್ರೆ ಇರುವುದು ಬೇರೆ ಕಡೆ, ಇಲ್ಲಿಂದ ನಾಲ್ಕನೇ ಸ್ಟೇಷನ್ನಿನಲ್ಲಿ. ಆ ಸ್ಟೇಷನ್ನಿನ ಹೆಸರೇ ಶ್ರೀ ಸತ್ಯ ಸಾಯಿ ಆಸ್ಪತ್ರೆ. 2001ರಿಂದ ದುಡ್ಡು ತೆಗೆದುಕೊಳ್ಳದೆ ದೊಡ್ಡ ದೊಡ್ಡ ಚಿಕಿತ್ಸೆ ಮಾಡುವ ಆಸ್ಪತ್ರೆ ಅದು. ಹಾಗಾಗಿ ದೂರದೂರುಗಳಿಂದ ಬಡವರು ರೋಗಿಯನ್ನು ಕರೆದುಕೊಂಡು ಬರುತ್ತಾರೆ. ರೈಲಿನಿಂದ ಇಳಿದವರು "ಸಾಯಿಬಾಬಾ ಎಲ್ಲಿ?" ಅಂತ ಕೇಳಿದರೆ, ಕೇಳಿಸಿಕೊಂಡವರು ಆಶ್ರಮದ ಕಡೆ ಕೈ ತೋರಿಸುತ್ತಾರೆ. ಒಂದು ದಿನ ಮೇಲ್ಸೇತುವೆ ಹತ್ತಿರ ಒಬ್ಬ ಅಜ್ಜಿ ಫೈಲು ಹಿಡಿದುಕೊಂಡು ನಿಂತಿದ್ದರು. "ಏನಮ್ಮ, ಆಸ್ಪತ್ರೆಗೆ ಇಲ್ಲೇ ನಡಕೊಂಡು ಹೋಗಬಹುದಂತಲ್ಲ?" ಅಂದರು. "ಇಲ್ಲ ಅಜ್ಜಿ, ಅದು ಆಶ್ರಮ. ಆಸ್ಪತ್ರೆಗೆ ಮೆಟ್ರೋದಲ್ಲಿ ಹೋಗಬೇಕು, ಬನ್ನಿ ನನ್ ಜೊತೆ" ಅಂತ ಕರೆದುಕೊಂಡು ಹೋದೆ. ನನ್ನ ಸ್ಟೇಷನ್ನಿನ ಮುಂದಿನದೇ ಅವರದು. ಹೀಗೆ ಯಾರೋ ಒಬ್ಬರು ಸಿಕ್ಕರೆ ಸರಿ, ಸಿಗದಿದ್ದರೆ? ರೈಲ್ವೆ ಪ್ಲಾಟ್‌ಫಾರ್ಮಿನಲ್ಲೇ "ಸತ್ಯ ಸಾಯಿ ಆಸ್ಪತ್ರೆಗೆ ಮೆಟ್ರೋ ಹತ್ತಿ, ನಾಲ್ಕನೇ ನಿಲ್ದಾಣ" ಅಂತ ಕನ್ನಡ, ತೆಲುಗು, ತಮಿಳಿನಲ್ಲಿ ಒಂದು ಬೋರ್ಡು ಬೇಕು. ಈ ಹಳಿಯಲ್ಲಿ ಬರುವವರ ಭಾಷೆಗಳು ಅವೇ. ರೈಲ್ವೆಗೂ ಮೆಟ್ರೋಗೂ ಬೇರೆ ಬೇರೆ ಆಡಳಿತ, ನಿಜ. ಆದರೆ ರೋಗಿಗೆ ಆ ಗಡಿ ಕಾಣುವುದಿಲ್ಲ.

ಎರಡು ಸ್ಟೇಷನ್‌ಗಳ ಮಟ್ಟವೂ ಬೇರೆ. ರೈಲು ನೆಲದ ಮೇಲೆ, ಮೆಟ್ರೋ ಎತ್ತರದಲ್ಲಿ. ಮೆಟ್ಟಿಲು ಹತ್ತುವುದು ತಪ್ಪಿದ್ದಲ್ಲ. ಗಟ್ಟಿಮುಟ್ಟಾದವರಿಗೆ ಇದು ಏನೂ ಅನ್ನಿಸುವುದಿಲ್ಲ. ಮಂಡಿ ನೋವಿನವರು, ಬಸುರಿಯರು, ಮಗು ಎತ್ತಿಕೊಂಡವರು, ಆಪರೇಷನ್ ಆಗಿ ವಾಪಸ್ ಹೊರಟವರು ಇದೇ ದಾರಿಯಲ್ಲಿ ಬರುತ್ತಾರೆ ಅನ್ನುವುದನ್ನು ನೆನೆಯಿರಿ. ರೈಲಿನ ಪ್ಲಾಟ್‌ಫಾರ್ಮಿನಿಂದ ಮೆಟ್ರೋ ಗೇಟಿನ ತನಕ ತಲೆ ಮೇಲೆ ಚಾವಣಿ, ರಾತ್ರಿ ಚೆನ್ನಾಗಿ ಬೆಳಕು, ಎರಡೂ ಕಡೆ ಕೆಲಸ ಮಾಡುವ ಲಿಫ್ಟು. ಈ ಮೂರನ್ನು ಒಂದೇ ದಾರಿ ಅಂತ ತಿಳಿದು ಯಾರಾದರೂ ಒಬ್ಬರು ನೋಡಿಕೊಳ್ಳಬೇಕು. ಅರ್ಧ ದಾರಿ ಅವರದು, ಅರ್ಧ ದಾರಿ ಇವರದು ಅಂತಾದಾಗ ನಡುವಿನ ದೀಪ ಕೆಟ್ಟರೆ ಯಾರಿಗೆ ಹೇಳಬೇಕು ಅನ್ನುವುದೇ ಜನಕ್ಕೆ ತಿಳಿಯುವುದಿಲ್ಲ.

ರೈಲು ಎಷ್ಟು ಹೊತ್ತಿಗೊಂದು ಅನ್ನುವುದು ಮುಂದಿನ ಪ್ರಶ್ನೆ. 2023ರ ಅಕ್ಟೋಬರಿನಲ್ಲಿ ಪೂರ್ತಿ ಮಾರ್ಗ ತೆರೆದಾಗ ಹಾಕಿದ ವೇಳಾಪಟ್ಟಿ ಹೀಗಿತ್ತು: ಜನಸಂದಣಿಯ ಹೊತ್ತಿನಲ್ಲಿ ಬೈಯಪ್ಪನಹಳ್ಳಿ–ಮೆಜೆಸ್ಟಿಕ್ ಮಧ್ಯೆ 3 ನಿಮಿಷಕ್ಕೊಂದು, ಪಟ್ಟಂದೂರು ಅಗ್ರಹಾರ–ಮೈಸೂರು ರಸ್ತೆ ಮಧ್ಯೆ 5 ನಿಮಿಷಕ್ಕೊಂದು, ವೈಟ್‌ಫೀಲ್ಡ್ ತನಕ ಬರುವುದು 10 ನಿಮಿಷಕ್ಕೊಂದು. ಅಂದರೆ ಅರ್ಧ ರೈಲುಗಳು ಐಟಿಪಿಎಲ್‌ನಲ್ಲೇ ತಿರುಗಿ ಹೋಗುತ್ತಿದ್ದವು. ರೈಲುಗಳ ಸಂಖ್ಯೆ ಕಡಿಮೆ ಇದ್ದಾಗ ಜನ ಎಲ್ಲಿ ಜಾಸ್ತಿಯೋ ಅಲ್ಲಿ ಜಾಸ್ತಿ ಓಡಿಸುವುದು ತಪ್ಪಲ್ಲ, ನಾನೂ ಒಪ್ಪುತ್ತೇನೆ. ಆದರೆ ಈ ಲೆಕ್ಕದಲ್ಲಿ ಕೊನೆಯ ಮೂರು ಸ್ಟೇಷನ್‌ಗಳನ್ನು ಊರಾಚೆಯ ತುಂಡು ಅಂತ ನೋಡುತ್ತಾರೆ. ಅಲ್ಲಿ ರೈಲ್ವೆಯಿಂದ ಬರುವ ಗುಂಪು ಇದೆ ಅನ್ನುವುದು ಅದರೊಳಗೆ ಬರುವುದಿಲ್ಲ. ಮೆಮು ಬಂದ ಐದು ನಿಮಿಷಕ್ಕೆ ಒಂದು ಮೆಟ್ರೋ ಹೊರಡುವ ಹಾಗೆ ಹೊಂದಿಸಿದರೆ, ರೈಲುಗಳ ಸಂಖ್ಯೆ ಹೆಚ್ಚಿಸದೆಯೂ ಬಹಳ ಅನುಕೂಲ ಮಾಡಬಹುದು. ಸಂಜೆ ಉಲ್ಟಾ. ಮಾಲೂರು ಕಡೆಯ ರೈಲು ತಪ್ಪಿದರೆ ಮುಂದಿನದು ಐದು ಹತ್ತು ನಿಮಿಷಕ್ಕೆ ಬರುವಂಥದ್ದಲ್ಲ, ಎಷ್ಟೋ ಸಲ ಗಂಟೆಗಟ್ಟಲೆ ಕಾಯಬೇಕು. ಹಾಗಾಗಿ ಮೆಟ್ರೋ ಸ್ಟೇಷನ್ ಒಳಗೇ, ಇಳಿದು ಬರುವ ಜಾಗದಲ್ಲಿ, ರೈಲ್ವೆಯ ಮುಂದಿನ ಎರಡು ಮೂರು ರೈಲುಗಳ ಹೊತ್ತು ಮತ್ತು ಪ್ಲಾಟ್‌ಫಾರ್ಮ್ ಸಂಖ್ಯೆ ತೋರಿಸುವ ಪರದೆ ಬೇಕೇ ಬೇಕು. ಓಡಬೇಕೋ, ನಿಧಾನಕ್ಕೆ ಕಾಫಿ ಕುಡಿದು ಹೋಗಬಹುದೋ ಅನ್ನುವುದು ಅಲ್ಲೇ ಗೊತ್ತಾಗಬೇಕು.

ಬೆಳಗಿನ ಮೊದಲ ರೈಲಿನ ವಿಷಯದಲ್ಲಿ ಒಂದು ಒಳ್ಳೆಯ ಕೆಲಸ ಆಗಿದೆ. ವಾರದ ದಿನ 5 ಗಂಟೆಗೆ ಶುರು. ಊರಿಗೆ ಹೋದವರು ಸೋಮವಾರ ಬೆಳಗ್ಗೆ ವಾಪಸ್ ಬರುತ್ತಾರೆ ಅಂತ 2025ರ ಜನವರಿಯಿಂದ ಸೋಮವಾರ 4.15ಕ್ಕೇ ಶುರು ಮಾಡಿದರು. ಜನರ ಓಡಾಟ ನೋಡಿ ಮಾಡಿದ ಬದಲಾವಣೆ ಅದು, ಮನಸಾರೆ ಮೆಚ್ಚುತ್ತೇನೆ. ಭಾನುವಾರ ಮಾತ್ರ 7 ಗಂಟೆ. ಆಸ್ಪತ್ರೆಯ ನರ್ಸುಗಳಿಗೆ, ಸೆಕ್ಯೂರಿಟಿಯವರಿಗೆ, ಮಾಲ್‌ಗಳಲ್ಲಿ ಕೆಲಸ ಮಾಡುವವರಿಗೆ ಭಾನುವಾರ ರಜೆ ಇರುವುದಿಲ್ಲ. ನಮ್ಮ ರೈಲಿನಲ್ಲಿ ಭಾನುವಾರ ಕಾಣುವ ಮುಖಗಳು ಹೆಚ್ಚಾಗಿ ಅವರದೇ.

ಟಿಕೆಟ್ ವಿಷಯಕ್ಕೆ ಬರೋಣ. ತೆಗೆದುಕೊಳ್ಳುವ ಸುಲಭಕ್ಕೆ ನನ್ನ ಕಡೆಯಿಂದ ಒಳ್ಳೆಯ ಅಂಕ. 2022ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ, ನಮ್ಮ ಮೆಟ್ರೋ ವಾಟ್ಸಾಪ್ ಟಿಕೆಟ್ ತಂದಿತು. ಹಾಯ್ ಅಂತ ಕಳಿಸಿ, ಎಲ್ಲಿಂದ ಎಲ್ಲಿಗೆ ಅಂತ ಆರಿಸಿ, ದುಡ್ಡು ಕಟ್ಟಿದರೆ ಕ್ಯುಆರ್ ಕೋಡ್ ಬಂದುಬಿಡುತ್ತದೆ. ಕನ್ನಡದಲ್ಲೂ ಮಾಡಬಹುದು. ಮೆಮು ವೈಟ್‌ಫೀಲ್ಡಿಗೆ ಬರುವ ಮುಂಚೆ, ದೇವನಗೊಂದಿ ದಾಟುವಾಗಲೇ ಟಿಕೆಟ್ ತೆಗೆದಿಟ್ಟುಕೊಳ್ಳಿ. ಸಂಜೆ ಇದೇ ಕೆಲಸ ಉಲ್ಟಾ ಮಾಡಿ. ಸೀಸನ್ ಟಿಕೆಟ್ ಇಲ್ಲದವರು ರೈಲ್ವೆ ಟಿಕೆಟ್ಟನ್ನು ಮೊಬೈಲಿನಲ್ಲಿ ಮೆಟ್ರೋದಲ್ಲಿ ಕೂತಿರುವಾಗಲೇ ತೆಗೆದುಬಿಡಿ. ರೈಲ್ವೆ ಹಳಿಯ ತೀರಾ ಹತ್ತಿರ ಬಂದ ಮೇಲೆ ಆ್ಯಪ್ ಟಿಕೆಟ್ ಕೊಡುವುದಿಲ್ಲ. ಆಗ ಕೌಂಟರ್ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ, ಅಷ್ಟರಲ್ಲಿ ರೈಲು ಹೋಗಿರುತ್ತದೆ. ದಿನಾ ಓಡಾಡುವವರಿಗೆ ಸ್ಮಾರ್ಟ್ ಕಾರ್ಡ್ ಒಳ್ಳೆಯದು, 5 ಪರ್ಸೆಂಟ್ ರಿಯಾಯಿತಿ ಇದೆ. ಜನ ಕಡಿಮೆ ಇರುವ ಹೊತ್ತಿನಲ್ಲಿ ಇನ್ನೊಂದು 5 ಪರ್ಸೆಂಟ್.

ದರ ಮಾತ್ರ ಬೇರೆ ಕಥೆ. 2025ರ ಫೆಬ್ರವರಿಯಲ್ಲಿ ದರ ಏರಿದಾಗ ಅತಿ ಹೆಚ್ಚಿನ ಟಿಕೆಟ್ 60 ರೂಪಾಯಿ ಇದ್ದದ್ದು 90 ಆಯಿತು. 2017ರ ನಂತರ ಮೊದಲ ಏರಿಕೆ, ಅದೂ ಒಂದೇ ಸಲಕ್ಕೆ. ಕೆಲವು ಕಡೆ ದುಪ್ಪಟ್ಟಾಗಿ, ಜನ ಗಲಾಟೆ ಮಾಡಿ, ಒಂದು ವಾರದೊಳಗೆ ಏರಿಕೆಗೆ 71 ಪರ್ಸೆಂಟಿನ ಮಿತಿ ಹಾಕಿದರು. ನನ್ನ ಹಾಗೆ ಮೂರು ಸ್ಟೇಷನ್ ಹೋಗುವವರಿಗೆ ಪೆಟ್ಟು ಕಡಿಮೆ. ಆದರೆ ಬಂಗಾರಪೇಟೆಯಿಂದ ಬಂದು ಇಲ್ಲಿ ಮೆಟ್ರೋ ಹಿಡಿದು ಎಂ.ಜಿ.ರೋಡ್ ಕಡೆ ಹೋಗುವವರು ಎರಡು ಹೊತ್ತೂ ಆ ದುಡ್ಡು ಕೊಡಬೇಕು. ರೈಲ್ವೆಯ ತಿಂಗಳ ಸೀಸನ್ ಟಿಕೆಟ್ ಕೆಲವೇ ನೂರು ರೂಪಾಯಿ. ಮೆಟ್ರೋಗೆ ಒಂದೆರಡು ದಿನದಲ್ಲೇ ಅಷ್ಟು ಖರ್ಚಾಗಿರುತ್ತದೆ. ಹಾಗಾಗಿ ಬಹಳ ಜನ ಮೆಟ್ರೋ ಹತ್ತುವುದೇ ಇಲ್ಲ. ಅದೇ ರೈಲಿನಲ್ಲಿ ನಿಂತುಕೊಂಡೇ ಕಂಟೋನ್ಮೆಂಟ್ ತನಕ ಹೋಗಿ ಅಲ್ಲಿಂದ ಬಸ್ಸು ಹಿಡಿಯುತ್ತಾರೆ. ನಮ್ಮ ಬೋಗಿಯಲ್ಲಿ ಬರುವ ಒಬ್ಬ ಅಣ್ಣ, ಶಿವಾಜಿನಗರದ ಅಂಗಡಿಯಲ್ಲಿ ಕೆಲಸ, ಹೇಳಿದ್ದು ನೇರವಾಗಿತ್ತು: "ಮೆಟ್ರೋ ಚೆನ್ನಾಗಿದೆ ಮೇಡಂ. ನನ್ನ ಸಂಬಳಕ್ಕೆ ಚೆನ್ನಾಗಿಲ್ಲ."

ಒಂದು ದಿನ, ಮೂರು ದಿನ, ಐದು ದಿನದ ಪಾಸುಗಳಿವೆ. ಊರು ನೋಡಲು ಬಂದವರಿಗೆ ಅವು ಸರಿ. ಕೆಲಸಕ್ಕೆ ಹೋಗುವವರಿಗೆ, ಕಾಲೇಜು ಮಕ್ಕಳಿಗೆ ಬೇಕಾದದ್ದು ತಿಂಗಳ ಪಾಸು. ಇನ್ನೂ ಮುಂದೆ ಹೋಗಿ ಕೇಳುತ್ತೇನೆ: ರೈಲ್ವೆ ಸೀಸನ್ ಟಿಕೆಟ್ ಇರುವವರಿಗೆ ಈ ಒಂದು ಸ್ಟೇಷನ್ನಿನಿಂದ ಹೊರಡುವ ಮೆಟ್ರೋದಲ್ಲಿ ರಿಯಾಯಿತಿ ಕೊಟ್ಟರೆ ಏನಾಗುತ್ತದೆ? ಜಾಗ ಕೂಡಿಸಿದ್ದೀರಿ, ಟಿಕೆಟ್ಟನ್ನೂ ಕೂಡಿಸಿ. ಹೆಂಗಸರ ಲೆಕ್ಕ ಇನ್ನೂ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮಗೆ ಬಸ್ಸು ಉಚಿತ. ಕಾಡುಗೋಡಿಯಿಂದ ಮೆಜೆಸ್ಟಿಕ್ಕಿಗೆ 335ಇ ಬಸ್ಸಿದೆ. ಹೊತ್ತು ಜಾಸ್ತಿ ಹಿಡಿದರೂ ದುಡ್ಡು ಉಳಿಯುತ್ತದೆ ಅಂತ ಮೆಟ್ರೋ ಬಿಟ್ಟು ಬಸ್ಸಿಗೆ ಹೋಗುವ ಹೆಂಗಸರು ನಮ್ಮ ರೈಲಿನಲ್ಲಿ ತುಂಬ ಇದ್ದಾರೆ. ದಿನಕ್ಕೆ ಎರಡು ಗಂಟೆ ಹೆಚ್ಚಿಗೆ ರಸ್ತೆಯಲ್ಲಿ ಕಳೆದು, ಮನೆಗೆ ಹೋಗಿ ಅಡುಗೆಯನ್ನೂ ಮಾಡುವವರು ಅವರು.

ಹೊರಗಿನ ರಸ್ತೆ. ವೈಟ್‌ಫೀಲ್ಡಿನ ಟ್ರಾಫಿಕ್ ಬಗ್ಗೆ ಬೆಂಗಳೂರಿನವರಿಗೆ ಹೇಳಬೇಕಾದ್ದು ಏನೂ ಇಲ್ಲ. ಕಂಟೈನರ್ ಡಿಪೋ ಇರುವ ಪ್ರದೇಶ ಇದು, ದೊಡ್ಡ ಲಾರಿಗಳು ಓಡಾಡುತ್ತವೆ. ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟವರಿಗೆ ಮೊದಲು ಬೇಕಾದದ್ದು ಅಗಲವಾದ ಫುಟ್‌ಪಾತ್, ಆಮೇಲೆ ಬಸ್ಸು ನಿಲ್ಲಲು ಬೇರೆ ಜಾಗ, ಆಟೋ ನಿಲ್ಲಲು ಬೇರೆ ಜಾಗ. ಆಟೋದವರನ್ನು ಬೈಯುವುದು ಸುಲಭ. ಅವರಿಗೆ ಅಂತ ಒಂದು ಸ್ಟ್ಯಾಂಡ್ ಗುರುತು ಮಾಡಿಕೊಟ್ಟರೆ ತಾನೇ ಅವರು ಸಾಲಿನಲ್ಲಿ ನಿಲ್ಲುವುದು? ಪ್ರೀಪೇಯ್ಡ್ ಕೌಂಟರ್ ಒಂದಿದ್ದರೆ ರಾತ್ರಿ ಹೊತ್ತು ಹೆಂಗಸರಿಗೆ ಧೈರ್ಯ.

ಸುಮ್ನೆ ಕೊನೆಯ ಸ್ಟೇಷನ್ ಅಂತ ಎಲ್ಲರೂ ಇಲ್ಲೇ ಇಳಿಯುವ ಅಗತ್ಯವಿಲ್ಲ. ಹಳೆಯ ವೈಟ್‌ಫೀಲ್ಡ್ ಕಡೆಗೆ, ಅಂದರೆ 1882ರಲ್ಲಿ ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ ಆಂಗ್ಲೋ ಇಂಡಿಯನ್ನರು ಕಟ್ಟಿಕೊಂಡ ಆ ಊರಿನ ಇನ್ನರ್ ಸರ್ಕಲ್ ಕಡೆಗೆ ಹೋಗುವವರು ಹೋಪ್‌ಫಾರ್ಮ್ ಚನ್ನಸಂದ್ರದಲ್ಲಿ ಇಳಿಯುವುದು ಒಳ್ಳೆಯದು. ಐಟಿಪಿಎಲ್‌ಗೆ ಪಟ್ಟಂದೂರು ಅಗ್ರಹಾರ. ವೈಟ್‌ಫೀಲ್ಡ್ (ಕಾಡುಗೋಡಿ) ತನಕ ಬರಬೇಕಾದವರು ರೈಲ್ವೆಗೆ, ಆಶ್ರಮಕ್ಕೆ, ಕಾಡುಗೋಡಿ ಬಸ್ ನಿಲ್ದಾಣಕ್ಕೆ ಹೋಗುವವರು. ಹೊಸಬರಿಗೆ ಇದು ಗೊತ್ತಾಗದೆ ಕೊನೆಯ ತನಕ ಬಂದು ಮತ್ತೆ ಆಟೋದಲ್ಲಿ ಹಿಂದಕ್ಕೆ ಹೋಗುತ್ತಾರೆ.

ಇನ್ನೊಂದು ವಿಷಯ ಈಗಲೇ ಕೇಳಿಡಬೇಕು. ಬೆಂಗಳೂರು ಉಪನಗರ ರೈಲು ಯೋಜನೆಗೆ 2022ರ ಜೂನ್ 20ರಂದು ಶಂಕುಸ್ಥಾಪನೆ ಆಯಿತು. ನಾಲ್ಕು ಮಾರ್ಗ, ಒಟ್ಟು 148 ಕಿಲೋಮೀಟರ್. ಅದರಲ್ಲಿ ಪಾರಿಜಾತ ಅನ್ನುವ ಮಾರ್ಗ ಕೆಂಗೇರಿಯಿಂದ ವೈಟ್‌ಫೀಲ್ಡಿಗೆ, 35 ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ. ಅದು ಬಂದಾಗ ಇದೇ ಜಾಗದಲ್ಲಿ ಮೆಟ್ರೋ, ಮೆಮು, ಉಪನಗರ ರೈಲು ಮೂರೂ ಸೇರುತ್ತವೆ. ಮೂರು ಸಂಸ್ಥೆಗಳು ಮೂರು ಗೇಟು, ಮೂರು ಮೆಟ್ಟಿಲು, ಮೂರು ಟಿಕೆಟ್ ಅಂತ ಬೇರೆ ಬೇರೆ ಕಟ್ಟಿಬಿಟ್ಟರೆ ಆಮೇಲೆ ಸರಿಪಡಿಸುವುದು ಬಹಳ ಕಷ್ಟ. ಉಪನಗರ ರೈಲಿನ ವೈಟ್‌ಫೀಲ್ಡ್ ನಿಲ್ದಾಣದ ನಕ್ಷೆ ಹಾಕುವಾಗ ಮೆಟ್ರೋದವರನ್ನೂ ಬಿಎಂಟಿಸಿಯವರನ್ನೂ ಒಂದೇ ಮೇಜಿನ ಮುಂದೆ ಕೂರಿಸಿ, ಮಾಲೂರು, ಬಂಗಾರಪೇಟೆ ಕಡೆಯ ಪ್ರಯಾಣಿಕರ ಸಂಘಗಳನ್ನೂ ಕರೆಯಬೇಕು. ಯಾವ ಮೆಟ್ಟಿಲ ಹತ್ತಿರ ಜನ ಒತ್ತಿಕೊಳ್ಳುತ್ತಾರೆ, ಯಾವ ಬೋಗಿ ಎಲ್ಲಿ ನಿಲ್ಲುತ್ತದೆ ಅನ್ನುವುದು ದಿನಾ ಓಡಾಡುವವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಅಲ್ಲಿಯವರೆಗೆ ನಾನು ಕೇಳುವುದು ಭಾನುವಾರದ ಒಂದು ರೈಲು. ಪೂರ್ತಿ ಮಾರ್ಗಕ್ಕೆ 7 ಗಂಟೆಯೇ ಇರಲಿ. ಡಿಪೋ ಇಲ್ಲೇ ಕಾಡುಗೋಡಿಯಲ್ಲಿ ಇದೆ, ಬೆಳಗಿನ ರೈಲುಗಳು ಇಲ್ಲಿಂದಲೇ ಹೊರಡುತ್ತವೆ. ವೈಟ್‌ಫೀಲ್ಡಿನಿಂದ ಕೆ.ಆರ್.ಪುರದ ತನಕ ಆರು ಗಂಟೆಗೆ ಒಂದು, ಆರೂವರೆಗೆ ಒಂದು ಓಡಿಸಿದರೂ ಸಾಕು, ನಮ್ಮ ಬೋಗಿಯ ನರ್ಸುಗಳು ಡ್ಯೂಟಿಗೆ ಸರಿಯಾದ ಹೊತ್ತಿಗೆ ಸೇರುತ್ತಾರೆ.